ತನಿ ಆವರ್ತನಕ್ಕೆ ಎದ್ದವನು

ಚೆನ್ನೈಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಸಂಗೀತ ಕೇಳಲು ಬರುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಾನಂತೂ ನಂಬಿರಲಿಲ್ಲ. ಡಿಸೆಂಬರಿನ ಮಾರ್ಗಳಿ ತಿಂಗಳ ಸಂಗೀತ ಕಚೇರಿಗಳಿಗೆ ತಪ್ಪದೆ ಹೋಗುವವನು ನಾನು. ರಾಗ ಗೊತ್ತಾಗುವುದಿಲ್ಲ, ನಿಜ. ಆದರೆ ಕೇಳುವ ಕ್ರಮ ಗೊತ್ತು. ಪಕ್ಕದ ಮಾಮ ತಲೆ ಆಡಿಸಿದರೆ ನಾನೂ ಆಡಿಸುತ್ತೇನೆ. ಅವರು ತೊಡೆ ತಟ್ಟಿ ತಾಳ ಹಾಕಿದರೆ ನಾನೂ ಹಾಕುತ್ತೇನೆ. ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನ ಶುರುವಾದ ಕೂಡಲೇ ಅರ್ಧ ಸಭೆ ಎದ್ದು ಕ್ಯಾಂಟೀನಿಗೆ ಹೊರಡುತ್ತದಲ್ಲ, ಆ ಮೆರವಣಿಗೆಯ ಮುಂಚೂಣಿಯಲ್ಲಿ ನಾನಿರುತ್ತೇನೆ!

ಹೀಗಿರುವಾಗ ನನ್ನ ಮಗಳು ಸಿರಿ ಡ್ರಮ್ಸ್ ಕಲಿಯುತ್ತೇನೆಂದು ಹಠ ಹಿಡಿದಳು. ನುಂಗಂಬಾಕ್ಕಂನಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಡೇವಿಡ್ ಸಾರ್ ಇದ್ದರು. ಒಂದು ಕಾಲಕ್ಕೆ ಹೋಟೆಲ್ ಬ್ಯಾಂಡುಗಳಲ್ಲಿ ಡ್ರಮ್ಸ್ ಬಾರಿಸಿದವರು. ಈಗ ಕಲಿಸುವುದು ಒಬ್ಬಿಬ್ಬರಿಗೆ ಮಾತ್ರ. ಸೇರಿಸಿಕೊಳ್ಳುವ ಮೊದಲು ಮಗುವನ್ನೂ ಮನೆಯವರನ್ನೂ ಎದುರಿಗೆ ಕೂರಿಸಿಕೊಂಡು, ಹಳೆಯ ರೆಕಾರ್ಡುಗಳನ್ನು ಹಾಕಿ, ಹೇಗೆ ಕೇಳುತ್ತಾರೆಂದು ನೋಡುತ್ತಾರಂತೆ. ಮನೆಯಲ್ಲಿ ಕೇಳುವ ಕಿವಿ ಇಲ್ಲದಿದ್ದರೆ ಮಗು ಯಾರಿಗೆ ಬಾರಿಸಬೇಕು ಎಂಬುದು ಅವರ ವಾದ.

ನನ್ನ ಹೆಂಡತಿ ವನಜಳಿಗೆ ಅಂದು ಆಫೀಸಿತ್ತು. ಹೊರಡುವ ಮುಂಚೆ ಎಚ್ಚರಿಸಿದಳು. "ರೀ, ಅಲ್ಲಿ ಸುಮ್ನೆ ಕೂತ್ಕೊಂಡು ಬನ್ನಿ. ಎಲ್ಲಾ ಗೊತ್ತಿರೋರ ಥರ ಆಡ್ಬೇಡಿ."

"ಯಾರ ಹತ್ರ ಹೇಳ್ತಿದ್ದೀಯ? ನಾನು ಸಂಗೀತ ಸಭಾ ಮೆಂಬರು ಕಣೇ!"

ದಾರಿಯಲ್ಲಿ ಸಿರಿ ಕೈ ಹಿಡಿದುಕೊಂಡಳು. "ಅಪ್ಪಾ, ಪ್ಲೀಸ್. ಅಂಗ ಒಣ್ಣುಮೇ ಪೇಸಾದಪ್ಪಾ." ಅಲ್ಲಿ ಒಂದೂ ಮಾತಾಡಬಾರದಂತೆ! ಹೆತ್ತ ತಂದೆಗೆ ಹೇಳುವ ಮಾತೇ ಇದು?

ನಮ್ಮನ್ನು ಕೂರಿಸಿ ಡೇವಿಡ್ ಸಾರ್ ಮೊದಲು ಹಾಕಿದ್ದು ಜಾಝ್. ನಾನು ತೊಡೆ ತಟ್ಟಿ ಆದಿತಾಳ ಶುರು ಮಾಡಿದೆ. ಬೆರಳು ಎಣಿಸಿ ಮುಗಿಸುವಷ್ಟರಲ್ಲಿ ಟ್ರಂಪೆಟ್ಟಿನವನು ಎಲ್ಲಿಗೋ ಹೋಗಿಬಿಟ್ಟಿದ್ದ. ತಾಳ ಬದಲಿಸಿದೆ. ಅದಕ್ಕೂ ಸಿಗಲಿಲ್ಲ ಪುಣ್ಯಾತ್ಮ. ಸೋತು ಕೈಕಟ್ಟಿ ಕೂತಾಗಲೇ ಅದು ನಿಜವಾಗಿ ಕೇಳಿಸಿತು. ಯಾರನ್ನೋ ಕಳೆದುಕೊಂಡವನು ಗಟ್ಟಿಯಾಗಿ ಅಳಲಾರದೆ ಗಂಟಲಲ್ಲೇ ಹಿಡಿದುಕೊಂಡ ಹಾಗಿತ್ತು ಆ ಸ್ವರ. ನನ್ನ ಕಣ್ಣು ಒದ್ದೆಯಾಯಿತು. ಅದನ್ನು ಮುಚ್ಚಿಕೊಳ್ಳಲು "ಭೇಷ್!" ಎಂದು ಕೂಗಿದೆ. ಡೇವಿಡ್ ಸಾರ್ ಬೆಚ್ಚಿಬಿದ್ದರು.

ಆಮೇಲೆ ಸರೋದ್. ಇದು ನಮ್ಮ ಪೈಕಿ ಎಂದು ಧೈರ್ಯ ಬಂತು. "ಕಲ್ಯಾಣಿ ರಾಗ ತಾನೇ ಸಾರ್?" ಎಂದೆ ಗಂಭೀರವಾಗಿ.

"ಗೊತ್ತಿಲ್ಲ ಸಾರ್. ನಾನು ಸುಮ್ಮನೆ ಕೇಳ್ತೀನಿ, ಅಷ್ಟೇ" ಎಂದರು ಅವರು ತಮಿಳಿನಲ್ಲಿ. ನಾನೂ ಸುಮ್ಮನೆ ಕೇಳಿದೆ. ಎಂಥ ಕೈ ಅದು! ಒಂದು ಸ್ವರ ಪೂರ್ತಿ ಆರುವ ತನಕ ಮುಂದಿನದನ್ನು ಮುಟ್ಟುತ್ತಿರಲಿಲ್ಲ.

ಮೂರನೆಯದು ರಾಕ್. ಮೊದಲು ಹಲ್ಲು ಜುಮ್ಮೆಂದವು. ಆದರೆ ಅಷ್ಟು ಗಲಾಟೆಯ ನಡುವೆ ಗಿಟಾರು ಒಮ್ಮೆ ಮೆಲ್ಲಗಾಯಿತು ನೋಡಿ, ಕಾಲೇಜಿನಲ್ಲಿ ಯಾರಿಗೋ ಹೇಳಬೇಕೆಂದು ಹೇಳದೇ ಉಳಿದ ಮಾತೆಲ್ಲ ನೆನಪಾಯಿತು. ಇದನ್ನು ವನಜಳಿಗೆ ಹೇಳಿಲ್ಲ.

ಕೊನೆಗೆ ಅಂಚು ಹರಿದ ರಟ್ಟಿನ ಕವರಿನಿಂದ ಡೇವಿಡ್ ಸಾರ್ ಒಂದು ರೆಕಾರ್ಡು ತೆಗೆದರು. ಅದನ್ನು ಅವರು ಒರೆಸಿದ ರೀತಿ ನೋಡಿಯಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಯಾವುದೋ ಹೋಟೆಲ್ ಬ್ಯಾಂಡು. ಕುಣಿಸುವಂಥ ಸಂಗೀತ. ಚೆನ್ನಾಗಿ ಸಾಗಿತ್ತು. ಇದ್ದಕ್ಕಿದ್ದಂತೆ ಉಳಿದ ವಾದ್ಯಗಳೆಲ್ಲ ನಿಂತು ಡ್ರಮ್ಸ್ ಒಂದೇ ಉಳಿಯಿತು.

ನಾನು ಎದ್ದೆ. ಯೋಚಿಸಿ ಎದ್ದದ್ದಲ್ಲ, ವರ್ಷಗಳ ಅಭ್ಯಾಸ! ನೇರ ಅಡಿಗೆಮನೆಗೆ ನಡೆದು, ಅಲ್ಲಿದ್ದ ಅವರ ಹೆಂಡತಿ ಗ್ರೇಸ್ ಆಂಟಿಯನ್ನು "ಆಂಟಿ, ಕಾಪಿ ರೆಡಿಯಾ?" ಎಂದು ಕೇಳಿದೆ.

ಆಂಟಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಅಯ್ಯೋ ಸಾರ್, ಈಗ ಬಾರಿಸ್ತಿರೋದು ಅವರೇ! ಅವರದು ಅಂತ ಇರೋದು ಅದೊಂದೇ ರೆಕಾರ್ಡು" ಎಂದು ತಮಿಳಿನಲ್ಲಿ ಪಿಸುಗುಟ್ಟಿದರು.

ಓಡಿಬಂದೆ. ರೆಕಾರ್ಡು ನಿಂತಿತ್ತು. ಸಿರಿ ನೆಲ ನೋಡುತ್ತಾ ಕೂತಿದ್ದಳು. ಅವಳ ಆಸೆಗೆ ನಾನೇ ಕಲ್ಲು ಹಾಕಿದ್ದೆ. ಸಭೆಯ ಪದ್ಧತಿ, ಕ್ಯಾಂಟೀನು, ನನ್ನ ಅಜ್ಞಾನ, ಎಲ್ಲವನ್ನೂ ನನ್ನ ಮುರುಕು ತಮಿಳಿನಲ್ಲಿ ಒಪ್ಪಿಸಿ ಕೈಮುಗಿದೆ.

ಡೇವಿಡ್ ಸಾರ್ ರೆಕಾರ್ಡನ್ನು ಮತ್ತೊಮ್ಮೆ ಒರೆಸಿದರು. ಆಮೇಲೆ ನಕ್ಕರು; ಕೆಮ್ಮು ಬರುವಷ್ಟು ನಕ್ಕರು. "ಹೋಟೆಲಿನಲ್ಲೂ ಅಷ್ಟೇ ಸಾರ್. ನಾನೊಬ್ಬನೇ ಬಾರಿಸೋಕೆ ಶುರು ಮಾಡಿದ್ರೆ ಜನ ಸೂಪು ತರಿಸ್ಕೊಳ್ತಿದ್ರು."

ಮತ್ತೆ ಅದೇ ಜಾಗದಿಂದ ಹಾಕಿದರು. ನಾನು ಕುರ್ಚಿಯ ಕೈಗಳನ್ನು ಭದ್ರವಾಗಿ ಹಿಡಿದು ಕೂತೆ. ಏನು ಹೇಳಲಿ! ಮೆಲ್ಲಗೆ ಮಾತಾಡಿಸುವಂತೆ ಶುರುವಾಗಿ, ಕೋಣೆಯೆಲ್ಲ ತುಂಬಿ, ನನ್ನ ಎದೆಬಡಿತವನ್ನೂ ತನ್ನ ಜೊತೆಗೆ ಎಳೆದುಕೊಂಡು ಹೋಯಿತು. ಇಷ್ಟು ವರ್ಷ ಇಂಥದ್ದನ್ನೆಲ್ಲ ಬಿಟ್ಟು ವಡೆ ತಿನ್ನುತ್ತಿದ್ದೆನಲ್ಲಾ ಎಂದು ನಾಚಿಕೆಯಾಯಿತು. ಬಾರಿಸುವುದು ನಿಂತಿತು. ನಾನು ಮೈಮರೆತು ಚಪ್ಪಾಳೆ ತಟ್ಟಿದೆ. ಅದು ಮುಗಿದಿರಲಿಲ್ಲ! ಸಿರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಎಲ್ಲ ಮುಗಿದ ಮೇಲೆ ಡೇವಿಡ್ ಸಾರ್ ತೀರ್ಪು ಕೊಟ್ಟರು. "ಹುಡುಗಿ ಅಲುಗಾಡದೆ ಕೇಳಿದಳು. ಭಾನುವಾರದಿಂದ ಬರಲಿ. ಜೊತೆಗೆ ನೀವೂ ಬರಬೇಕು ಸಾರ್. ಇವಳು ಒಬ್ಬಳೇ ಬಾರಿಸುವಾಗ ಎದುರಿಗೆ ಕೂತಿರಿ. ಯಾವತ್ತು ನೀವು ಏಳದೆ ಕೂರುತ್ತೀರೋ ಅವತ್ತು ಇವಳು ಕಲಿತಳು ಅಂತ ಲೆಕ್ಕ."

ಹೀಗೆ ಚೆನ್ನೈಯ ಸಂಗೀತ ಪ್ರಪಂಚದಲ್ಲಿ ನನಗೊಂದು ಅಧಿಕೃತ ಸ್ಥಾನ ದೊರೆಯಿತು. ಕೆಲವು ತಿಂಗಳ ಪಾಠದ ಬಳಿಕ, ಕಳೆದ ಭಾನುವಾರ ಸಿರಿ ಮೊದಲ ಸಲ ಒಬ್ಬಳೇ ಬಾರಿಸಿದಳು. ಸುಳ್ಳು ಹೇಳುತ್ತಿಲ್ಲ, ಬಹಳ ಚೆನ್ನಾಗಿತ್ತು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಕಣ್ಣು ತುಂಬಿಕೊಂಡು, ಚಪ್ಪಾಳೆ ತಟ್ಟಲೆಂದು ಎದ್ದು ನಿಂತೆ.

ಡೇವಿಡ್ ಸಾರ್ ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು. "ಇನ್ನೂ ಆಗಿಲ್ಲಮ್ಮಾ. ಅಪ್ಪ ಎದ್ದುಬಿಟ್ರು. ಮೊದಲಿಂದ ಬಾರಿಸು."