ಸೇತುಮಾಧವರಾಯರು ಬೇಡ ಅಂದ ಕಾರ್ಡು

ಸೇಲಂ ಪೇಟೆಯಲ್ಲಿ ತಮ್ಮಷ್ಟು ಚೆನ್ನಾಗಿ 'ಬೇಡ' ಅನ್ನಲು ಬಲ್ಲವರು ಇನ್ನೊಬ್ಬರಿಲ್ಲ ಎಂದು ಸೇತುಮಾಧವರಾಯರು ನಂಬಿದ್ದರು. ಕನ್ನಡದಲ್ಲಿ ಬೇಡ, ತಮಿಳಿನಲ್ಲಿ ವೇಂಡಾಂ, ತೆಲುಗಿನವರು ಸಿಕ್ಕರೆ ವದ್ದು, ಸೂಟು ಹಾಕಿದವರು ಬಂದರೆ ನೋ. ಹೀಗೆ ನಾಲ್ಕು ಭಾಷೆಗಳಲ್ಲಿ ಅವರು ನಿರಾಕರಣೆಯ ಸಾಮ್ರಾಜ್ಯ ಕಟ್ಟಿದ್ದರು. ವಿಮೆ ಏಜೆಂಟರು, ಚೀಟಿ ಕಟ್ಟಿಸುವವರು, ಲಾಟರಿ ಟಿಕೆಟಿನವರು ಎಲ್ಲರೂ ಅವರ ಮನೆಯ ಜಗಲಿಯಿಂದಲೇ ವಾಪಸು. ಶೇವಪೇಟೆಯ ಒಂದು ಸಬ್ಬಕ್ಕಿ ಮಿಲ್ಲಿನ ಆಫೀಸಿನಲ್ಲಿ ಅವರು ಗುಮಾಸ್ತರು. ಸಂಬಳ ಮುನ್ನೂರ ಹತ್ತು ರೂಪಾಯಿ. ಅಷ್ಟರಲ್ಲೇ ಸಂಸಾರ ತೂಗಿಸುತ್ತಿದ್ದರು, ಯಾರ ಹತ್ತಿರವೂ ಒಂದು ಕಾಸು ಸಾಲವಿರಲಿಲ್ಲ.

ಎಪ್ಪತ್ತನಾಲ್ಕರ ದೀಪಾವಳಿಗೆ ಇನ್ನು ಹದಿನೈದು ದಿನವಿತ್ತು. ಹೆಂಡತಿ ಅಂಬಾಬಾಯಿಗೆ ಸೀರೆ ಕೊಳ್ಳಲು ಬಜಾರಿನ ದೊಡ್ಡ ಅಂಗಡಿಗೆ ಹೊರಟಾಗ ಆಕೆ ಒಂದು ಎಚ್ಚರಿಕೆ ಕೊಟ್ಟರು. ಆ ಅಂಗಡಿಯಲ್ಲಿ ಈ ವರ್ಷ ಹೊಸದಾಗಿ ನೀಲಿ ಕಾರ್ಡು ಅಂತ ಶುರು ಮಾಡಿದ್ದಾರಂತೆ, ಕಾರ್ಡು ತೋರಿಸಿದರೆ ದುಡ್ಡು ಕೊಡದೆಯೇ ಸೀರೆ, ಪಾತ್ರೆ, ಫ್ಯಾನು ಏನು ಬೇಕಾದರೂ ತರಬಹುದಂತೆ, ತಿಂಗಳು ತಿಂಗಳು ಕಟ್ಟಿಕೊಂಡು ಹೋಗಬೇಕಂತೆ, ದುಡ್ಡು ಕಟ್ಟುವ ಜಾಗದಲ್ಲಿ ಹಿಡಿದು ನಿಲ್ಲಿಸಿ ಸೈನು ಹಾಕಿಸಿಕೊಳ್ಳುತ್ತಾರಂತೆ.

"ನನ್ನ ಹತ್ತಿರ ಹಾಕಿಸಿಕೊಳ್ಳಲಿ ನೋಡೋಣ" ಎಂದರು ರಾಯರು, ಅಂಗವಸ್ತ್ರವನ್ನು ಕುಸ್ತಿಗೆ ಹೊರಟವರ ಹಾಗೆ ಹೆಗಲಿಗೆ ಎಸೆದುಕೊಂಡು.

ಸೀರೆ ಆರಿಸಿದ್ದಾಯಿತು. ಅಂಬಾಬಾಯಿ ರವಿಕೆ ಕಣಕ್ಕೆ ಬಣ್ಣ ಹೊಂದಿಸುತ್ತ ಒಳಗೇ ನಿಂತರು. ರಾಯರು ಬಿಲ್ಲು ಹಿಡಿದು ಕ್ಯಾಷ್ ಕೌಂಟರಿಗೆ ಬಂದರು. ಅಲ್ಲಿ ಶಿವರಾಮನ್ ಎಂಬ ತರುಣ ಕ್ಯಾಷಿಯರ್ ಹಣೆಗೆ ವಿಭೂತಿ ಹಚ್ಚಿಕೊಂಡು, ಬೆಣ್ಣೆಯಂಥ ನಗೆ ನಗುತ್ತ ಕೂತಿದ್ದ. ಕಾರ್ಡು ಇದೆಯಾ ಸಾರ್ ಎಂದ. ಬೇಡ ಎಂದರು ರಾಯರು. ಫಾರಂ ಒಂದೇ ಪುಟ ಸಾರ್ ಎಂದ. ವೇಂಡಾಂ ಎಂದರು. ಇವತ್ತು ಸೈನು ಹಾಕಿದವರಿಗೆ ಒಂದು ಎವರ್‌ಸಿಲ್ವರ್ ಡಬರಾ ಪಾತ್ರೆ ಬಹುಮಾನ ಸಾರ್ ಎಂದ. ರಾಯರು ಎದೆ ಉಬ್ಬಿಸಿ, "ಏನಯ್ಯಾ, ಕಾರ್ಡು ಬೇಡ ಅಂದರೂ ಹೀಗೆ ಕಾಡ್ತೀಯಲ್ಲ" ಎಂದು ತಮ್ಮ ಚಮತ್ಕಾರಕ್ಕೆ ತಾವೇ ನಕ್ಕರು. ಸಾಲಿನಲ್ಲಿದ್ದ ನಾಲ್ಕು ಜನ ಕನ್ನಡ ಬಲ್ಲವರೂ ನಕ್ಕರು. ಯುದ್ಧ ಮುಗಿದಿತ್ತು. ಗೆಲುವು ರಾಯರದೇ ಆಗಿತ್ತು.

ಆಗ ಶಿವರಾಮನ್ ಫಾರಮನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. "ವಿಟ್ಟುಡುಂಗೊ ಸಾರ್, ಬಿಟ್ಟುಬಿಡಿ. ತಪ್ಪು ನನ್ನದೇ. ಇದು ಐನೂರರ ಮೇಲೆ ಸಂಬಳ ಇರೋ ಆಫೀಸರುಗಳಿಗೆ ಮಾತ್ರ. ನಿಮ್ಮನ್ನ ಕೇಳಬಾರದಿತ್ತು."

ಒತ್ತಾಯ ಮಾಡುವವರನ್ನು ಎದುರಿಸಲು ರಾಯರು ಮೂವತ್ತು ವರ್ಷದಿಂದ ತಾಲೀಮು ಮಾಡಿದ್ದರು. ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವವನನ್ನು ಎದುರಿಸುವ ವಿದ್ಯೆ ಅವರಿಗೆ ಗೊತ್ತಿರಲಿಲ್ಲ. ಸಾಲದ್ದಕ್ಕೆ ಸಾಲಿನಲ್ಲಿ ಅವರ ಬೆನ್ನಿಗೇ ನಿಂತಿದ್ದವನು ಅಂಬಾಬಾಯಿಯ ತಂಗಿಯ ಗಂಡ ಬದರೀನಾಥ. ರೈಲ್ವೆಯಲ್ಲಿ ಆಫೀಸರು. ಅವನು ಜೇಬಿನಿಂದ ತನ್ನ ನೀಲಿ ಕಾರ್ಡು ತೆಗೆದು, ಬೀಸಣಿಗೆಯ ಹಾಗೆ ಎರಡು ಸಲ ಗಾಳಿ ಹಾಕಿಕೊಂಡ. ಬಾಯಿಬಿಟ್ಟು ಏನಾದರೂ ಅಂದಿದ್ದರೆ ರಾಯರು ಹೇಗೋ ತಡೆದುಕೊಳ್ಳುತ್ತಿದ್ದರು.

"ಕೊಡಯ್ಯಾ ಇಲ್ಲಿ" ಎಂದು ಫಾರಂ ಕಿತ್ತುಕೊಂಡರು. ಹೆಸರು, ವಿಳಾಸ ಸರಿಯಾಗೇ ಬರೆದರು. ಹುದ್ದೆ ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಬೆನ್ನಿಗೆ ಕಾರ್ಡಿನ ಗಾಳಿ ತಾಗುತ್ತಿತ್ತು. ಮ್ಯಾನೇಜರ್ ಎಂದು ಬರೆದರು. ಅಷ್ಟು ಬರೆದ ಮೇಲೆ ಸಂಬಳದಲ್ಲಿ ಜಿಪುಣತನ ಯಾಕೆ ಎಂದು ಏಳುನೂರ ಐವತ್ತು ಎಂದೂ ಬರೆದು, ಸೈನು ಹಾಕಿ, ಡಬರಾ ತೆಗೆದುಕೊಂಡರು.

ಶಿವರಾಮನ್ ಫಾರಂ ಓದಿ ಎದ್ದು ನಿಂತು ಕೈಮುಗಿದ. ಇನ್ನು ಎಂಟು ದಿನದೊಳಗೆ ಅಂಗಡಿಯ ಆಳೊಬ್ಬರು ಆಫೀಸಿಗೆ ಬಂದು ವಿಚಾರಿಸುತ್ತಾರೆ, ಸಾಮಾನ್ಯವಾಗಿ ಮ್ಯಾನೇಜರನ್ನು ಕಂಡು ಕೇಳುವುದು ವಾಡಿಕೆ, ತಾವೇ ಮ್ಯಾನೇಜರ್ ಆದ್ದರಿಂದ ತೊಂದರೆಯೇ ಇಲ್ಲ ಎಂದ.

ರಾಯರು ಸೀರೆಯ ದುಡ್ಡು ಎಣಿಸಿಕೊಟ್ಟು, ಡಬರಾವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ಬಂದರು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದರು, ಹೇಳದೆ ಗತಿಯಿರಲಿಲ್ಲ. ಡಬರಾ ಎಲ್ಲಿಯದು ಎಂದು ಅಂಬಾಬಾಯಿ ದಾರಿಯುದ್ದಕ್ಕೂ ಕೇಳಿಕೊಂಡೇ ಬಂದಿದ್ದರು. ಆಕೆ ಬೈಯಲಿಲ್ಲ. ನಾಳೆಯೇ ಹೋಗಿ ಫಾರಂ ವಾಪಸು ತನ್ನಿ ಎಂದರು. ರಾಯರು ಹೋದರು. ಫಾರಂ ಆಗಲೇ ಅಂಗಡಿಯ ಮಾಲೀಕ ಮುದಲಾಳಿಯ ಮೇಜಿಗೆ ಹೋಗಿತ್ತು. ಒಂದು ಸಲ ಅಲ್ಲಿಗೆ ಹೋದ ಕಾಗದ ವಿಚಾರಣೆಯಾಗದೆ ವಾಪಸು ಸಿಗುವುದಿಲ್ಲವಂತೆ.

ಮಿಲ್ಲಿನ ನಿಜವಾದ ಮ್ಯಾನೇಜರು ರಾಜಗೋಪಾಲ್. ಧರ್ಮಪುರಿ ಕಡೆಯವರು, ಮನೆಯಲ್ಲಿ ಕನ್ನಡವೇ. ದೊಡ್ಡ ಹೊಟ್ಟೆ, ಸಣ್ಣ ಕೋಪ, ಆದರೆ ಸುಳ್ಳು ಹೇಳುವವರನ್ನು ಕಂಡರೆ ಮಾತ್ರ ಆ ಕೋಪ ಸಣ್ಣದಾಗಿರುತ್ತಿರಲಿಲ್ಲ. ಲೋಡಿನ ಲೆಕ್ಕದಲ್ಲಿ ಒಂದು ಮೂಟೆ ಸುಳ್ಳು ಬರೆದವನನ್ನು ಹಿಂದಿನ ವರ್ಷ ನಿಂತ ಕಾಲಲ್ಲಿ ಮನೆಗೆ ಕಳಿಸಿದ್ದರು. ಅವರ ಕುರ್ಚಿಯನ್ನೇ ಫಾರಮಿನಲ್ಲಿ ಕದ್ದವನಿಗೆ ಏನು ಕಾದಿದೆ ಎಂಬುದನ್ನು ರಾಯರು ಊಹಿಸಲೂ ಹೆದರಿದರು. ಉಳಿದದ್ದು ಒಂದೇ ದಾರಿ. ವಿಚಾರಣೆಯವನು ಬಂದ ಕೂಡಲೇ ಬಾಗಿಲಲ್ಲೇ ತಡೆಯಬೇಕು. ತಮ್ಮ ಮೇಜನ್ನು, ಸೆಖೆ ಎಂದು ನೆಪ ಹೇಳಿ, ವರಾಂಡಕ್ಕೆ ಎಳೆಸಿಕೊಂಡರು. ಐದು ದಿನ ಅಲ್ಲೇ ಕಾವಲು ಕೂತರು. ಮಧ್ಯಾಹ್ನದ ಮೊಸರನ್ನವನ್ನೂ ಅಲ್ಲೇ, ಗೇಟಿನ ಮೇಲೆ ಕಣ್ಣಿಟ್ಟು ಮುಗಿಸಿದರು.

ಆರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮಡಿಸಿದ ಕಾಗದ ಕೈಯಲ್ಲಿ ಹಿಡಿದು ಒಬ್ಬ ಬಂದು, ಮ್ಯಾನೇಜರು ಎಲ್ಲಿ ಎಂದು ಕೇಳಿದ. ರಾಯರು ಎರಡನೆಯ ಮಾತಿಗೆ ಆಸ್ಪದ ಕೊಡದೆ ಅವನ ಭುಜ ಹಿಡಿದು ಎದುರಿನ ಕಾಫಿ ಕ್ಲಬ್ಬಿಗೆ ಕರೆದೊಯ್ದರು. ಎರಡು ಮಸಾಲೆ ದೋಸೆ, ಒಂದು ಪ್ಲೇಟು ಕೇಸರಿ ಬಾತು ತರಿಸಿದರು. ಅವನು ತಿನ್ನುತ್ತಿದ್ದಷ್ಟು ಹೊತ್ತೂ ತಮ್ಮ ಕಥೆಯನ್ನೆಲ್ಲ ಹೇಳಿಕೊಂಡರು. ಷಡ್ಡಕನ ಕಾರ್ಡಿನ ಗಾಳಿ, ಮುನ್ನೂರ ಹತ್ತು ಏಳುನೂರ ಐವತ್ತಾದದ್ದು, ಮ್ಯಾನೇಜರ ಕೋಪ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ದನಿ ತಗ್ಗಿಸಿ, ಹೇಗಾದರೂ ಮಾಡಿ ಆ ಫಾರಂ ಹರಿದು ಹಾಕಿಬಿಡಬೇಕು ಎಂದು ಕೇಳಿಕೊಂಡರು.

ಆತ ಕೈತೊಳೆದುಕೊಂಡು ಬಂದು ನಿಧಾನವಾಗಿ ಕೂತ. "ಅರಿದಾಕನ ಬುಡಿ ಸಾಮಿ, ಅದಕ್ಕೇನು. ಎಲ್ಲೈತೆ ಆ ಪಾರಮ್ಮು?"

"ನಿಮ್ಮ ಹತ್ತಿರ ಇಲ್ಲವೇ?"

"ನನ್ತಾವ ಗೆಣಸಿನ ತೂಕದ ಚೀಟಿ ಐತೆ. ನಾನು ನಂಗವಳ್ಳಿ ಮುನಿವೆಂಕಟಪ್ಪ. ಸಬ್ಬಕ್ಕಿ ಮಾಡೋ ಮರಗೆಣಸು ಏರ್ಕೊಂಡ್ ಬಂದಿವ್ನಿ. ಬೆಳಗಿಂದ ಲಾರಿ ಆಚೆ ನಿಂತೈತೆ. ನೀವು ಮಾತಾಡಕ್ಕೇ ಬುಡ್ಲಿಲ್ವಲ್ಲ."

ರಾಯರು ಬಿಲ್ಲು ಕೊಟ್ಟು ಓಡಿದರು. ವರಾಂಡದಲ್ಲಿ ಯಾರೂ ಇರಲಿಲ್ಲ. ಕಾವಲಿಲ್ಲದ ಆ ಅರ್ಧ ಗಂಟೆಯಲ್ಲೇ ದೊಡ್ಡ ಅಂಗಡಿಯ ಆಳು ಬಂದು, ನೇರ ಮ್ಯಾನೇಜರ ಕೋಣೆಗೆ ಹೋಗಿ, ಕೆಲಸ ಮುಗಿಸಿ ಹೊರಟೂ ಹೋಗಿದ್ದ. ಒಳಗೆ ಬರಬೇಕಂತೆ ಎಂದು ಕರೆ ಬಂತು. ರಾಯರು ಮನಸ್ಸಿನಲ್ಲೇ ರಾಜೀನಾಮೆ ಪತ್ರ ಬರೆಯುತ್ತ ಒಳಗೆ ಹೋದರು. "ಘನ ಆಡಳಿತದವರಲ್ಲಿ ವಿಜ್ಞಾಪನೆ" ಎಂಬಲ್ಲಿಗೆ ಬಂದಿತ್ತು.

ಮೇಜಿನ ಮೇಲೆ ಫಾರಮಿನ ನಾಲ್ಕು ತುಂಡುಗಳನ್ನು ಜೋಡಿಸಿಟ್ಟಿತ್ತು. ಮ್ಯಾನೇಜರ್, ಏಳುನೂರ ಐವತ್ತು ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ರಾಜಗೋಪಾಲರು ಬಾಗಿಲು ಹಾಕಿಕೊಂಡರು. ಆದರೆ ಅವರ ಮುಖದಲ್ಲಿ ಕೋಪವಿರಲಿಲ್ಲ. ಪರೀಕ್ಷೆಯಲ್ಲಿ ನಕಲು ಮಾಡುವಾಗ ಸಿಕ್ಕಿಬಿದ್ದವರ ಕಳೆಯಿತ್ತು.

"ರಾಯರೇ" ಎಂದರು ಮೆಲ್ಲಗೆ. "ನಾನೂ ಆ ಕಾರ್ಡು ತಗೊಂಡಿದೀನಿ. ಒಂದು ಫ್ಯಾನು ತಂದೆ. ನಾಲ್ಕು ತಿಂಗಳಿಂದ ಕಂತು ಕಟ್ಟಿಲ್ಲ."

ಮಿಕ್ಕದ್ದನ್ನು ಅವರು ಬೆವರು ಒರೆಸಿಕೊಳ್ಳುತ್ತ ಹೇಳಿದರು. ದೊಡ್ಡ ಅಂಗಡಿಯಿಂದ ಬಂದಿದ್ದೇನೆ, ಮ್ಯಾನೇಜರನ್ನು ನೋಡಬೇಕು ಎಂದು ಒಬ್ಬ ಬಾಗಿಲಲ್ಲಿ ನಿಂತಾಗ ವಸೂಲಿಗೇ ಬಂದನೆಂದು ಅವರು ಅಂದುಕೊಂಡಿದ್ದರು. ಮ್ಯಾನೇಜರು ಊರಲ್ಲಿಲ್ಲ, ನಾನು ಇಲ್ಲಿ ಗುಮಾಸ್ತ ಎಂದುಬಿಟ್ಟಿದ್ದರು. ಬಂದವನು ಹಾಗಾದರೆ ನಿಮ್ಮ ಮ್ಯಾನೇಜರು ಹೇಗೆ, ಕೈಯಲ್ಲಿ ದುಡ್ಡಿರುವವರೋ ಎಂದು ಕೇಳಿದ. ಸಾಲಗಾರನಿಗೆ ಕರುಣೆ ಸಿಗಲಿ ಎಂದು ರಾಜಗೋಪಾಲರು ಇಲ್ಲದ ಕಷ್ಟವನ್ನೆಲ್ಲ ಹೇಳಿದರು. ಹತ್ತನೇ ತಾರೀಕಿಗೆ ಸಂಬಳ ಖಾಲಿ, ಬಜಾರಿನ ತುಂಬ ಬಾಕಿ, ಪಾಪ ಅವರಿಂದ ಈ ಜನ್ಮದಲ್ಲಿ ಒಂದು ರೂಪಾಯಿ ಹುಟ್ಟುವುದಿಲ್ಲ ಎಂದರು. ಬಂದವನು ಬಹಳ ಉಪಕಾರವಾಯಿತು, ಇಂಥವರಿಗೆ ಕಾರ್ಡು ಕೊಟ್ಟು ನಾವು ಮುಳುಗುತ್ತಿದ್ದೆವು ಎಂದು ಫಾರಂ ತೆಗೆದು ಹರಿದು ಬುಟ್ಟಿಗೆ ಹಾಕಿ, ಗುಮಾಸ್ತರ ಕೈಕುಲುಕಿ ಹೋದ. ಯಾರ ಫಾರಂ ಎಂದು ಆಮೇಲೆ ಬುಟ್ಟಿಯಿಂದ ಆರಿಸಿ ನೋಡಿದ್ದು.

"ನಾನು ಗುಮಾಸ್ತ ಅಂದದ್ದು ಹೊರಗೆ ಹೋಗೋದು ಬೇಡ" ಎಂದರು ರಾಜಗೋಪಾಲರು. ತಾವು ಮ್ಯಾನೇಜರ್ ಎಂದು ಬರೆದದ್ದೂ ಹೊರಗೆ ಹೋಗುವುದು ಬೇಡ ಎಂದರು ರಾಯರು. ರಾಜಗೋಪಾಲರೇ ಬೆಂಕಿಕಡ್ಡಿ ಗೀರಿ ನಾಲ್ಕು ತುಂಡನ್ನೂ ಬೂದಿ ಮಾಡಿದರು.

ಐದು ದಿನದಿಂದ ಎದೆಯ ಮೇಲೆ ಕೂತಿದ್ದ ಮೂಟೆ ಇಳಿದು ರಾಯರು ಹತ್ತಿಯಷ್ಟು ಹಗುರಾಗಿ ಮನೆಗೆ ಬಂದರು. ಕಾಲು ತೊಳೆಯುವ ಮೊದಲೇ ಅಂಬಾಬಾಯಿಗೆ ಎಲ್ಲವನ್ನೂ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆಯೂ ನಕ್ಕರು. ಕಾಫಿ ಕುಡಿಯುತ್ತ ರಾಯರು ಗಂಭೀರವಾಗಿ, ಏನೇ ಹೇಳು, ಆ ಶಿವರಾಮನ್ ಕೈಗೆ ಸಿಕ್ಕ ಮೇಲೆ ತಪ್ಪಿಸಿಕೊಳ್ಳುವುದು ಮನುಷ್ಯಮಾತ್ರರಿಗೆ ಸಾಧ್ಯವಿಲ್ಲ ಎಂದರು.

"ಮೊನ್ನೆ ಬುಧವಾರ ನಾನು ರವಿಕೆ ಕಣ ಬದಲಾಯಿಸೋಕೆ ಹೋಗಿದ್ದೆನಲ್ಲ, ನನ್ನನ್ನೂ ಕೇಳ್ದ ಕಣ್ರೀ" ಎಂದರು ಅಂಬಾಬಾಯಿ.

"ಮತ್ತೆ? ಹೇಗೆ ತಪ್ಪಿಸಿಕೊಂಡೆ?"

"ನಮ್ಮ ಯಜಮಾನರು ಗುಮಾಸ್ತರು, ಸಂಬಳ ಮುನ್ನೂರ ಹತ್ತು ಅಂದೆ. ಪಾಪ, ಆ ಹುಡುಗ ಫಾರಂ ವಾಪಸು ತಗೊಂಡು, ಕಣದ ದುಡ್ಡಲ್ಲಿ ನಾಲ್ಕಾಣೆ ಬಿಟ್ಟ."