ಹಗಲು ಹನ್ನೊಂದರ ದರ್ಬಾರಿ

ಹೈದರಾಬಾದಿನಲ್ಲಿ ದಿನಕ್ಕೆ ಎರಡು ಸಲ ರಾತ್ರಿಯಾಗುವ ಮನೆ ಒಂದೇ ಒಂದಿತ್ತು. ಅದು ದಿಲ್‌ಸುಖ್‌ನಗರದಲ್ಲಿ, ಕೋಚಿಂಗ್ ಸೆಂಟರುಗಳ ಹಿಂದಿನ ಗಲ್ಲಿಯಲ್ಲಿ, ಮೂರನೇ ಮಹಡಿಯ ಮೇಲಿದೆ. ಒಡತಿ ನಮ್ಮ ಸೋದರತ್ತೆ. ಸೂರ್ಯ ಮುಳುಗಿದ ಮೇಲೆ ಆಗುವ ರಾತ್ರಿ ಊರಿಗೆಲ್ಲ ಸೇರಿದ್ದು. ಬೆಳಿಗ್ಗೆ ಹನ್ನೊಂದಕ್ಕೆ ಆಗುತ್ತಿತ್ತಲ್ಲ, ಅದು ಅತ್ತೆಯ ಸ್ವಂತದ್ದು!

ಅತ್ತೆ ಹಿಂದೂಸ್ತಾನಿ ಗಾಯಕಿ. ಧಾರವಾಡದ ಕಡೆ ಕಲಿತು, ಮದುವೆಯಾಗಿ ಇಲ್ಲಿಗೆ ಬಂದು, ನಲವತ್ತು ವರ್ಷ ಹಾಡಿದವರು. ಎರಡು ವರ್ಷದ ಹಿಂದೆ ಅವರ ಗಂಟಲಿಗೆ ಆಪರೇಷನ್ ಆಯಿತು. ಮಾತು ಉಳಿಯಿತು, ಕೆಳಗಿನ ಸ್ವರಗಳು ಉಳಿದವು, ಮೇಲಿನ ಷಡ್ಜ ಮಾತ್ರ ಹೋಯಿತು. ಹಾಡುವವರಿಗೆ ಮೇಲಿನ ಸಾ ಇಲ್ಲವೆಂದರೆ ಮನೆಗೆ ಮೆಟ್ಟಿಲಿದ್ದೂ ಮಾಳಿಗೆ ಇಲ್ಲದ ಹಾಗೆ. ಇನ್ನು ವೇದಿಕೆಯ ಆಸೆ ಬಿಡಿ, ಮನೆಯಲ್ಲಿ ಭಜನೆ ಗುನುಗಿಕೊಂಡಿರಿ ಎಂದರು ಡಾಕ್ಟರು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕಣ್ಣೀರು ಹಾಕುತ್ತಿದ್ದರು. ಅತ್ತೆ ಆಟೋದಲ್ಲಿ ಕೂತು, ಗಾಯಕರ ಪರಂಪರೆ ವಿಚಾರಿಸುವ ಧಾಟಿಯಲ್ಲಿ, ನನ್ನನ್ನು ಕೇಳಿದ್ದು ಒಂದೇ ಮಾತು.

"ಆ ಡಾಕ್ಟರ್ ಯಾವ ಘರಾಣೆದಂವೋ?"

ಮರುವಾರವೇ ಅತ್ತೆ ರಾಗ ಆರಿಸಿದರು. ಕೆಳಗಿನ ಸ್ವರಗಳಲ್ಲೇ ಗಂಟೆಗಟ್ಟಲೆ ಓಡಾಡಿಕೊಂಡಿರಬಹುದಾದ ರಾಗ, ದರ್ಬಾರಿ ಕಾನಡಾ. ವರ್ಷವಿಡೀ ಅದೊಂದೇ ರಾಗ, ಅದರಲ್ಲೂ ಒಂದೇ ರಚನೆ. ಮತ್ತೆ ವೇದಿಕೆ ಹತ್ತಿದರೆ ಅದನ್ನೇ ಹಾಡುವುದು, ಹತ್ತದೆ ಬಿಡುವುದಿಲ್ಲ ಎಂದು ಘೋಷಣೆಯೂ ಆಯಿತು. ತೊಂದರೆ ಏನೆಂದರೆ ದರ್ಬಾರಿ ನಡುರಾತ್ರಿಯ ರಾಗ, ಅತ್ತೆಯೋ ಗುಳಿಗೆ ನುಂಗಿ ಒಂಬತ್ತಕ್ಕೆಲ್ಲ ಮಲಗಬೇಕಾದವರು. ಏನು ಮಾಡುವುದು? ರಾತ್ರಿಯನ್ನೇ ಬೇಗ ಕರೆಸಿಕೊಂಡರು! ಬೆಳಿಗ್ಗೆ ಹನ್ನೊಂದಕ್ಕೆ ಕಿಟಕಿಗಳೆಲ್ಲ ಬಂದ್, ದಪ್ಪ ಪರದೆಗಳು ಕೆಳಗೆ, ಮೂಲೆಯಲ್ಲೊಂದು ದೀಪ. ಮಾವನಿಗೆ ಹನ್ನೊಂದಕ್ಕೆ ಚಹಾ ಕುಡಿಯುವ ರೂಢಿ. ಮೊದಲ ದಿನ ಕೇಳಿಯೂ ಕೇಳಿದರು.

"ನಡುರಾತ್ರ್ಯಾಗ ಯಾರರ ಚಾ ಕುಡೀತಾರೇನ್ರಿ?" ಎಂದರು ಅತ್ತೆ.

ಅಂದಿನಿಂದ ಮಾವ ಕೆಳಗಿನ ಇರಾನಿ ಹೋಟೆಲಿನಲ್ಲಿ ಕೂರತೊಡಗಿದರು. ಯಾಕೆ ಇಲ್ಲಿದ್ದೀರಿ ಎಂದು ಯಾರಾದರೂ ಕೇಳಿದರೆ, "ನಮ್ಮನ್ಯಾಗ ಇನ್ನೂ ಬೆಳಕ ಹರದಿಲ್ಲಪಾ" ಎನ್ನುತ್ತಿದ್ದರು.

ಹಾಡುವವರ ಮಾತಿನಲ್ಲಿ ಒಂದು ರಚನೆಗೆ 'ಚೀಜ್' ಅನ್ನುವುದುಂಟು. ಇದು ನನ್ನ ಹೆಂಡತಿಗೆ ಗೊತ್ತಿರಲಿಲ್ಲ. ಅವಳು ಮೈಸೂರಿನವಳು, ಕೊಂಡಾಪುರದ ಆಫೀಸಿನಲ್ಲಿ ಕೆಲಸ. ಅತ್ತೆ ಈಗ ಒಂದೇ ಚೀಜ್ ಹಿಡಿದಿದ್ದಾರೆ, ಬೇರೇನೂ ಮುಟ್ಟುವುದಿಲ್ಲ ಎಂದು ನಾನು ಹೇಳಿದ್ದೇ ತಪ್ಪಾಯಿತು. ಆ ಭಾನುವಾರ ಅವಳು ಒಂದು ದೊಡ್ಡ ಚೀಲ ಹಿಡಿದು ದಿಲ್‌ಸುಖ್‌ನಗರಕ್ಕೆ ಬಂದಳು. ಚೀಲದ ತುಂಬ ಹಾಲಿನ ಚೀಸು, ಹಾಳೆ ಹಾಳೆಯಾಗಿ, ತುಂಡು ತುಂಡಾಗಿ!

"ಗಂಟಲಿಗೆ ಮೆತ್ತಗಿರತ್ತೆ ಅಂತ ಡಾಕ್ಟ್ರು ಹೇಳಿರ್ಬೇಕು, ಅಲ್ವಾ ಅತ್ತೆ?"

ಅತ್ತೆ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದನ್ನ ಯಾವ ತಾಳಕ್ಕ ತಿನ್ನಬೇಕವಾ?"

ಗೋಡೆಯಾಚೆಯ ಮನೆಯಲ್ಲಿ ತೆಲುಗಿನ ಹೆಂಗಸೊಬ್ಬರಿದ್ದಾರೆ. ಎಂಟು ತಿಂಗಳು ಅದೇ ಸಾಲನ್ನು ಕೇಳಿ ಕೇಳಿ, ಒಂದು ದಿನ ತಡೆಯಲಾಗದೆ ಬಂದು ಬಾಗಿಲು ತಟ್ಟಿದರು. "ಅಮ್ಮಾ, ಈ ಪಾಟ ಎಪ್ಪುಡು ಅಯಿಪೋತುಂದಿ?" ಎಂದು ಕೇಳಿದರು. ಈ ಹಾಡು ಮುಗಿಯುವುದು ಯಾವಾಗ ಎಂದು. ಅತ್ತೆ ಪ್ರೀತಿಯಿಂದಲೇ ಉತ್ತರಿಸಿದರು: "ಇಂಕಾ ಶುರೂನೇ ಕಾಲೇದಮ್ಮಾ." ಇನ್ನೂ ಶುರುವೇ ಆಗಿಲ್ಲವಂತೆ!

ಹೀಗಿರುವಾಗ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಬಂದರು. ಕಲಬುರಗಿ ಕಡೆಯವರು, ಬಟ್ಟೆ ವ್ಯಾಪಾರ, ಕನ್ನಡವೆಂದರೆ ಜೀವ. ರಾಜ್ಯೋತ್ಸವಕ್ಕೆ ಹದಿನೈದು ನಿಮಿಷ ಕೊಡುತ್ತೇವೆ, ಎರಡು ಭಾವಗೀತೆ ಹಾಡಿಬಿಡಿ ಎಂದರು. "ಆದ್ರ ಮೇಡಂ, ಕನ್ನಡ ಬಿಟ್ಟು ಬ್ಯಾರೆ ಇರಬಾರದ್ರಿ. ಕಮಿಟಿಯವರು ಈ ಸಲ ಭಾಳ ಸ್ಟ್ರಿಕ್ಟ್ ಅದಾರ."

ಅತ್ತೆ ಅವರು ಕೊಟ್ಟ ಫಾರ್ಮಿನಲ್ಲಿ ದುಂಡಗೆ ಬರೆದರು: ದರ್ಬಾರಿ ಕಾನಡಾ.

ಎರಡು ದಿನದ ನಂತರ ಕಾರ್ಯದರ್ಶಿಗಳ ಫೋನು ಬಂತು. "ಮೇಡಂ, ನಿಮ್ಮ ಫಾರ್ಮಿನ್ಯಾಗ ಒಂದು ಕಾಗುಣಿತ ತಪ್ಪಿತ್ರಿ. ತಿದ್ದಿ ಪ್ರಿಂಟಿಗೆ ಕೊಟ್ಟೇವಿ."

"ಛೊಲೋ ಮಾಡಿದ್ರಿ," ಎಂದರು ಅತ್ತೆ. ಆಮಂತ್ರಣದಲ್ಲಿ ದಪ್ಪಕ್ಷರದಲ್ಲಿ 'ದರ್ಬಾರಿ ಕನ್ನಡ' ಎಂದು ಅಚ್ಚಾಗಿ ಬಂತು.

ನನ್ನ ಚಿಂತೆ ಬೇರೆಯಿತ್ತು. ಆ ರಚನೆಯ ಎರಡನೇ ಭಾಗ ಮೇಲಿನ ಷಡ್ಜಕ್ಕೆ ಹತ್ತಲೇಬೇಕು. ಮನೆಯಲ್ಲಿ ಅಲ್ಲಿಗೆ ಬಂದಾಗಲೆಲ್ಲ ಬರಿಯ ಗಾಳಿ ಹೊರಡುವುದನ್ನು ನಾನೇ ಕೇಳಿದ್ದೆ. ಎರಡು ಭಾವಗೀತೆ ಹಾಡಿ ಮರ್ಯಾದೆಯಿಂದ ಇಳಿದುಬಿಡಿ, ಇಲ್ಲವಾದರೆ ಜನ ನಗುತ್ತಾರೆ ಎಂದು ಬೇಡಿಕೊಂಡೆ.

"ನಗಲಿ. ಸ್ವರದಾಗ ನಗ್ರಿ ಅಂತ ಹೇಳು," ಎಂದರು.

ರಾಜ್ಯೋತ್ಸವದ ಸಂಜೆ ತಂಬೂರಿ ಹಿಡಿದು ಅವರ ಹಿಂದೆ ಕೂತವನು ನಾನೇ. ನನಗೆ ಬರುವ ಸಂಗೀತ ನಾಲ್ಕು ತಂತಿ ಮೀಟುವುದಷ್ಟೇ. ಮೊದಲು ಆಲಾಪ. ಅದರಲ್ಲಿ ಮಾತಿಲ್ಲದ್ದರಿಂದ ಕಾರ್ಯದರ್ಶಿಗಳು ತಲೆದೂಗುತ್ತ ನೆಮ್ಮದಿಯಾಗಿದ್ದರು. ಹಾಡು ಶುರುವಾಗಿ ಶಬ್ದಗಳು ಕಿವಿಗೆ ಬಿದ್ದದ್ದೇ ತಡ, ವೇದಿಕೆಯ ಪಕ್ಕಕ್ಕೆ ಓಡಿಬಂದರು.

"ಮೇಡಂ, ಇದು ಹಿಂದಿ ಆತಲ್ರಿ..."

ಅತ್ತೆ ಹಾಡು ನಿಲ್ಲಿಸಿ, ಮೈಕಿನಲ್ಲೇ ಉತ್ತರ ಕೊಟ್ಟರು. "ಹೆಸರಿನ್ಯಾಗ ಕಾನಡಾ ಐತಿ, ನೋಡ್ರಿ. ನಮ್ಮ ಕಡೀ ರಾಗನ ಇದು. ದರ್ಬಾರಕ್ಕ ಹೋಗಿ ಭಾಷಾ ಬದಲ್ ಮಾಡೇತಿ. ಹೈದರಾಬಾದಿಗೆ ಬಂದು ನಾವೆಲ್ಲಾ ಮಾಡಿಲ್ಲೇನು, ಹಂಗ."

ಸಭೆಗೆ ಸಭೆಯೇ ನಕ್ಕಿತು. ಮನೆ ಬಾಗಿಲು ದಾಟಿದರೆ ತೆಲುಗು, ಅಂಗಡಿಯಲ್ಲಿ ಹಿಂದಿ ಆಡುವ ಮಂದಿ ಇನ್ನೇನು ಮಾಡಿಯಾರು? ಕಾರ್ಯದರ್ಶಿಗಳೂ ನಕ್ಕು, ಕೈಮುಗಿದು ಕೂತರು.

ಆಮೇಲೆ ಆ ಜಾಗ ಬಂತು. ಅತ್ತೆ ಬಲಗೈ ಮೇಲೆತ್ತಿದರು, ಬಾಯಿ ತೆರೆದರು. ಸ್ವರ ಬರಲಿಲ್ಲ, ಗಾಳಿಯಷ್ಟೇ ಬಂತು. ನನ್ನ ತಂಬೂರಿಯೊಂದೇ ಮಿಡಿಯುತ್ತಿತ್ತು. ಅಲ್ಲಿ ಯಾವ ಸ್ವರ ಬರಬೇಕಿತ್ತೆಂದು ಸರಿಯಾಗಿ ಗೊತ್ತಿದ್ದವರು ನಾನು, ಮಾವ, ಮತ್ತು ಮಾವನ ಪಕ್ಕದಲ್ಲೇ ಕೂತಿದ್ದ ಗೋಡೆಯಾಚೆಯ ಆಕೆ. ಆಕೆ ಎದೆಯ ಮೇಲೆ ಕೈ ಇಟ್ಟುಕೊಂಡದ್ದು ನನಗೆ ಕಂಡಿತು. ನಾನು ತಲೆ ತಗ್ಗಿಸಿದೆ.

ಅತ್ತೆ ತಗ್ಗಿಸಲಿಲ್ಲ. ಎತ್ತಿದ ಕೈಯನ್ನೂ ಇಳಿಸಲಿಲ್ಲ. "ಅದು ಇನ್ನೂ ಬಂದಿಲ್ರಿ," ಎಂದರು ಸಭೆಗೆ. "ಹಾದ್ಯಾಗ ಐತಿ." ಹಾಗೆಂದವರೇ ಕೆಳಗಿನ ಸ್ವರಗಳಿಗೆ ಇಳಿದು, ಹದಿನೈದು ನಿಮಿಷಕ್ಕೆ ಕೊಟ್ಟ ವೇದಿಕೆಯಲ್ಲಿ ನಲವತ್ತು ನಿಮಿಷ ಹಾಡಿದರು. ಯಾರೂ ಗಂಟೆ ಬಾರಿಸಲಿಲ್ಲ.

ಮುಂದಿನ ವಾರ ಹನ್ನೊಂದು ಗಂಟೆಯ ಹೊತ್ತಿಗೆ ಅವರ ಮನೆಗೆ ಹೋದೆ. ಪರದೆಗಳೆಲ್ಲ ಸರಿದಿವೆ, ಮನೆತುಂಬ ಬಿಸಿಲು, ಮಾವ ಮನೆಯಲ್ಲೇ ಕೂತು ಚಹಾ ಕುಡಿಯುತ್ತಿದ್ದಾರೆ! ವೇದಿಕೆ ಹತ್ತಿ ಹಠ ತೀರಿತು, ಇನ್ನು ಅತ್ತೆ ಹಾಡು ಬಿಟ್ಟರು ಎಂದುಕೊಂಡೆ. ಬಿಟ್ಟಿರಲಿಲ್ಲ. ಈ ವರ್ಷಕ್ಕೆ ಹೊಸ ರಾಗ ಆರಿಸಿದ್ದರು, ಬೆಳಗಿನ ದೇಶಕಾರ. ಆ ರಾಗ ಕೆಳಗೆ ನಿಲ್ಲುವುದೇ ಇಲ್ಲ, ಅದರ ಸಂಸಾರವೆಲ್ಲ ಮೇಲಿನ ಷಡ್ಜದ ಸುತ್ತಮುತ್ತ.

ನನಗೆ ಸಿಟ್ಟೇ ಬಂತು. "ಮ್ಯಾಲಿನ ಸಾ ಇಲ್ದ ಅದನ್ನ ಹೆಂಗ ಹಾಡ್ತೀರಿ ಅತ್ತಿ?"

ಅತ್ತೆ ತಂಬೂರಿಯ ಗವಸು ಬಿಚ್ಚುತ್ತಿದ್ದರು. ತಲೆ ಎತ್ತದೆ ಹೇಳಿದರು. "ಹಾದ್ಯಾಗ ಐತಿ ಅಂತ ಅಷ್ಟು ಮಂದಿ ಮುಂದ ಹೇಳಿ ಬಂದೀನಿ. ಅದು ಬಂದಾಗ ನಾ ಮನ್ಯಾಗ ಇರಬೇಕಲ್ಲೋ?"

ಜೀಡಿಮೆಟ್ಲಾದ ಕಾರ್ಖಾನೆಯಲ್ಲಿ ನನಗೆ ಎರಡನೇ ಶಿಫ್ಟಿನ ಕೆಲಸವಿತ್ತು. ಹೋಗಲಿಲ್ಲ. ಅವರ ಕೈಯಿಂದ ತಂಬೂರಿ ತೆಗೆದುಕೊಂಡು, ಹಿಂದೆ ಕೂತು ಮೀಟತೊಡಗಿದೆ.