ರಾಣಿ ಯಾವ ಭಾಷೆಯಲ್ಲಿ ಸತ್ತಳು

ಗದ್ವಾಲದ ಆ ಗೋದಾಮಿನಲ್ಲಿ ರಾಣಿ ಸತ್ತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಕನ್ನಡದಲ್ಲಿ ಸತ್ತಳೋ ತೆಲುಗಿನಲ್ಲಿ ಸತ್ತಳೋ, ಪ್ರಮಾಣ ಮಾಡಿ ಹೇಳು ಎಂದರೆ ನನ್ನಿಂದಾಗದು. ಕನ್ನಡದಲ್ಲೇ ಎಂದು ನನ್ನ ನೆನಪು. ಪಕ್ಕದಲ್ಲಿ ಕುಳಿತಿದ್ದ ಅಕ್ಕನ ಮಗಳು ಶಿವಲೀಲಾ ಮಾತ್ರ, “ಅಚ್ಚ ತೆಲುಗು ಮಾಮ, ನೀ ಎಲ್ಲಿದ್ದಿ ಆವಾಗ?” ಎನ್ನುತ್ತಾಳೆ. ಕನ್ನಡ-ತೆಲುಗು ಗಡಿಯ ನಮ್ಮ ನಾರಾಯಣಪೇಟೆ, ಮಕ್ತಲ್ ಕಡೆಯವರಿಗೆ ಇದೊಂದು ಊರಿನ ಕಾಯಿಲೆ. ಸಂತೆಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿ, ತೆಲುಗಿನಲ್ಲಿ ಚೌಕಾಸಿ ಮಾಡಿ, ಉರ್ದುವಿನಲ್ಲಿ ಜಗಳವಾಡಿ ಬರುತ್ತೇವೆ. ಮನೆಗೆ ಬಂದ ಮೇಲೆ ಜಗಳ ನೆನಪಿರುತ್ತದೆ, ಭಾಷೆ ನೆನಪಿರುವುದಿಲ್ಲ. ಜಗಳವಾದರೆ ಹೋಗಲಿ, ಒಬ್ಬ ಹೆಣ್ಣುಮಗಳು ಎದುರಿಗೆ ವಿಷ ಕುಡಿದು ಹಾಡುತ್ತಾ ಸಾಯುವಾಗಲೂ ಅದು ಯಾವ ಭಾಷೆ ಎಂದು ಗಮನಿಸದವನನ್ನು ಏನೆನ್ನಬೇಕು?

ಬೇರೆಯವರಾಗಿದ್ದರೆ ಇಷ್ಟಕ್ಕೆ ಬಿಡುತ್ತಿದ್ದರು. ನಾನು ಬಿಡುವ ಪೈಕಿಯಲ್ಲ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ ಊರಿಗೆ ಬಂದಾಗ ಜೊತೆಗೆ ತಂದದ್ದು ಒಂದು ಪದವಿ, ಒಂದು ಅನುಮಾನ. ಪದವಿಯನ್ನು ಎಲ್ಲಿಟ್ಟಿದ್ದೇನೋ ತಿಳಿಯದು, ಅನುಮಾನ ದಿನಬಳಕೆಯಲ್ಲಿದೆ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತೇನೆ, ಅವರು ಹೇಳಿದ ಮೇಲೆ ಪಕ್ಕದವರನ್ನು ಕೇಳುತ್ತೇನೆ. ಬೀಗ ಹಾಕಿ ಓಣಿಯ ತುದಿಯವರೆಗೆ ಹೋಗಿ, ವಾಪಸು ಬಂದು ಎಳೆದು ನೋಡುತ್ತೇನೆ. ನನ್ನ ಹೆಂಡತಿ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದನ್ನು ಬಿಟ್ಟಿದ್ದಾಳೆ. ಬಂಧುಬಳಗ ಮಾತ್ರ ಇದನ್ನು ಉಪಯೋಗಕ್ಕೆ ತಂದುಕೊಂಡಿದೆ. ಯಾರಾದರೂ ಬೋರ್‌ವೆಲ್ ಹಾಕಿಸಲಿ, ಹಳೆಯ ಸ್ಕೂಟರ್ ಕೊಳ್ಳಲಿ, ವರ ನೋಡಲು ಹೋಗಲಿ, ಐಬು ಹುಡುಕಲು ನನ್ನನ್ನು ಕರೆದೊಯ್ಯುತ್ತಾರೆ. ಒಮ್ಮೆ ಉಟ್ಕೂರಿನಲ್ಲಿ ವರನನ್ನು, “ಬೆಳಿಗ್ಗೆ ಎಷ್ಟಕ್ಕೆ ಏಳ್ತೀರಿ?” ಎಂದು ಕೇಳಿದೆ. ನಸುಕಿನಲ್ಲೇ ಎಂದರು. “ಎದ್ದು ಏನು ಮಾಡ್ತೀರಿ?” ಎಂದೆ. ಅವರು ತಾಯಿಯ ಮುಖ ನೋಡಿದರು. ಅವರ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಸಂಬಂಧ ಅಲ್ಲಿಗೆ ಮುಗಿಯಿತು. ಆ ಹುಡುಗ ಈಗ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾನೆ, ತಡವಾಗಿ ಏಳುತ್ತಾನೆ ಎಂದು ಕೇಳಿದ್ದೇನೆ.

ಶಿವಲೀಲಾಳ ವಿಷಯದಲ್ಲೂ ನನ್ನನ್ನು ಕರೆಸಿದ್ದು ಈ ಯೋಗ್ಯತೆಯ ಮೇಲೆಯೇ. ನನ್ನ ಭಾವನದು ಮಕ್ತಲ್‌ನಲ್ಲಿ ಸೀರೆ ಅಂಗಡಿ. ಮಗಳು ಇಂಟರ್, ಎಂದರೆ ಪಿಯುಸಿ, ಮುಗಿಸಿದ್ದಳು. ಅವಳ ಕಂಠ ದೊಡ್ಡದು. ಅಡುಗೆಮನೆಯಲ್ಲಿ ‘ಸಾಸಿವೆ ಎಲ್ಲೈತಿ’ ಎಂದರೆ ಅಂಗಡಿಯಲ್ಲಿ ಕುಳಿತ ಗಿರಾಕಿ ತಲೆಯೆತ್ತಿ ನೋಡಬೇಕು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅವಳಿಗೆ ಅತಿ ಹೆಚ್ಚು ಸಲ ಹೇಳಿದ ಮಾತು ‘ಸಣ್ಣಗ ಮಾತಾಡು’. ಈಗ ಆ ಹುಡುಗಿ ಗದ್ವಾಲದ ಒಂದು ಪುಟ್ಟ ಕಾಲೇಜಿನಲ್ಲಿ ಸಂಗೀತ ನಾಟಕದ ಡಿಗ್ರಿ ಇದೆ, ಅದಕ್ಕೇ ಸೇರುತ್ತೇನೆ ಎಂದು ಹಟ ಹಿಡಿದಿದ್ದಳು. ಮನೆಯಲ್ಲಿ ಬಿ.ಕಾಂ. ಎಂದು ತೀರ್ಮಾನವಾಗಿತ್ತು.

“ಏ ಯೂನಿವರ್ಸಿಟಿ,” ಎಂದರು ಭಾವ. ನನ್ನನ್ನು ಅವರು ಕರೆಯುವುದೇ ಹಾಗೆ. “ನೀ ಆಕಿನ್ನ ಕರ್ಕೊಂಡು ಹೋಗಿ ನೋಡ್ಕೊಂಡು ಬಾ. ನಾ ಹೋದ್ರ ಮಗಳ ಮಾರಿ ನೋಡಿ ಹ್ಞೂ ಅಂದುಬಿಡ್ತೀನಿ. ನಿನಗ ಗುಡಿಯಾಗ ನಿಂತ್ರೂ ಐಬು ಕಾಣ್ತಾವ. ನೀ ಚಲೋ ಐತಿ ಅಂದ್ರ ಕಳಸ್ತೀನಿ, ಇಲ್ಲಂದ್ರ ಬಿ.ಕಾಂ. ಮುಗೀತು.” ಏನೇನು ಕೇಳಬೇಕೆಂದು ಬೆರಳು ಮಡಚುತ್ತಾ ಹೇಳಿದರು: ಓದಿದ ಮೇಲೆ ನೌಕರಿ ಏನು, ಹಾಸ್ಟೆಲ್ಲಿನ ಗೋಡೆ ಎಷ್ಟೆತ್ತರ, ಕಲಿಸುವವರು ಎಂಥವರು, ಸರ್ಟಿಫಿಕೇಟಿಗೆ ಕಿಮ್ಮತ್ತು ಐತೋ ಇಲ್ಲೋ. ಬಾಗಿಲ ಮರೆಯಲ್ಲಿ ನಿಂತ ಶಿವಲೀಲಾ ನನ್ನ ಕಡೆ ನೋಡಿದ ರೀತಿಯನ್ನು, ಉಟ್ಕೂರಿನ ಆ ವರ ನನ್ನನ್ನು ನೋಡಿದ ರೀತಿಗೆ ಹೋಲಿಸಬಹುದು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಳು. ನಾನು ಎಂದಿನಂತೆ ಎರಡು ಸಲ ಸೀಟು ಬದಲಿಸಿದೆ. ಜುರಾಲಾ ಅಣೆಕಟ್ಟಿನ ಮೇಲೆ ಬಸ್ಸು ಹೋಗುವಾಗ ಗೇಟು ತೆರೆದು ನೀರು ಧುಮುಕುತ್ತಿತ್ತು ಎಂದು ನನ್ನ ನೆನಪು. ಕೆಳಗೆ ಬರೀ ಬಂಡೆ ಕಾಣುತ್ತಿತ್ತು ಎಂದು ಅವಳ ನೆನಪು. ಧರೂರಿನ ಗದ್ದೆಗಳು ದಾಟುವ ಹೊತ್ತಿಗೆ ಅವಳು ಬಾಯಿ ಬಿಟ್ಟಳು.

“ಮಾಮ, ನೀ ಅಲ್ಲಿ ಪ್ರಶ್ನಿ ಕೇಳ್ತಿ, ಹೌದಲ್ಲ?”

“ಅದಕ್ಕ ಅಲ್ಲೇನು ಬಂದಿದ್ದು?”

“ಕೇಳು. ಹಾಡು ನಡದಾಗ ಮಾತ್ರ ಕೇಳಬ್ಯಾಡ. ನಿನಗ ಕೈ ಮುಗೀತೀನಿ.”

ಆಗಲಿ ಎಂದೆ. ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾ, ಭಾವ ಹೇಳಿದವುಗಳ ಜೊತೆಗೆ ನನ್ನವೂ ಕೆಲವನ್ನು ಸೇರಿಸಿಕೊಂಡೆ.

ಕಾಲೇಜು ಎಂದರೆ ಒಂದು ಸಾಲು ಕೋಣೆ, ಒಂದು ಬೇವಿನ ಮರ. ನಾಟಕದವರ ತಾಲೀಮು ನಡೆಯುವುದು ಹಿಂದುಗಡೆಯ ಹಳೆಯ ಹತ್ತಿ ಗೋದಾಮಿನಲ್ಲಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆವು. ತಗಡಿನ ಮಾಡು, ಕಂಬಗಳು, ಹಾಸಿದ ಜಮಖಾನ. ಹಾರ್ಮೋನಿಯಂ ಮುಂದೆ ಕುಳಿತಿದ್ದ ಮಾಸ್ತರರು ರಾಜೋಳಿ ಕಡೆಯವರು. ಒಂದು ವಾಕ್ಯವನ್ನು ತೆಲುಗಿನಲ್ಲಿ ಹತ್ತಿಸಿ ಕನ್ನಡದಲ್ಲಿ ಇಳಿಸುವವರು. “ರಂಡಿ ರಂಡಿ, ಕೂಚೋಂಡಿ,” ಎಂದು ತೆಲುಗಿನಲ್ಲಿ ಬರಮಾಡಿಕೊಂಡು ಕೂರಿಸಿ, “ಇಗೋ ಈ ರಾಣಿ ಸಾಯೋದೊಂದು ಬಾಕಿ ಐತ್ರಿ, ಆಮೇಲೆ ಮಾತಾಡೂಣು,” ಎಂದರು. ಶಿವಲೀಲಾ ಹೇಳಿದ್ದು ನೆನಪಾಗಿ ಸುಮ್ಮನೆ ಕುಳಿತೆ.

ರಾಣಿ ಆ ಹೊತ್ತಿಗೆ ಉಪ್ಪುಕಾರ ಹಚ್ಚಿದ ಪೇರಲಹಣ್ಣು ತಿನ್ನುತ್ತಿದ್ದಳು. ಸುಜಾತಾ ಎಂದು ಹೆಸರು, ಧರೂರಿನಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ರಾಜನಿಗೆ ರಟ್ಟಿನ ಕಿರೀಟವಿತ್ತು, ಮೈಮೇಲೆ ಕ್ರಿಕೆಟ್ ಬನಿಯನ್ ಇತ್ತು. ಕಥೆಯನ್ನು ಅವರೇ ಕಟ್ಟಿದ್ದರು. ರಾಜ ಯುದ್ಧಕ್ಕೆ ಹೋಗಿದ್ದಾನೆ, ಶತ್ರುಗಳು ಕೋಟೆಯ ಬಾಗಿಲಿಗೆ ಬಂದಿದ್ದಾರೆ, ಬೀಗದ ಕೈ ಕೊಡಲೊಲ್ಲದೆ ರಾಣಿ ವಿಷ ಕುಡಿಯುತ್ತಾಳೆ, ರಾಜ ಬರುವುದು ತಡವಾಗುತ್ತದೆ. ಸ್ಟೀಲ್ ಲೋಟದಲ್ಲಿ ವಿಷ ತಯಾರಾಯಿತು. ನಾನು ನನ್ನ ಮೊದಲ ಪ್ರಶ್ನೆಯನ್ನು ಹದ ಮಾಡಿಕೊಂಡೆ: ವಿಷ ಕುಡಿದವರಿಗೆ ಇಷ್ಟುದ್ದದ ಪದ್ಯ ಹಾಡಲು ಉಸಿರು ಎಲ್ಲಿಂದ ಬರಬೇಕು?

ಸುಜಾತಾ ಕೈ ಒರೆಸಿಕೊಂಡು, ಲೋಟ ಕುಡಿದು, ಮೊದಲ ಸ್ವರ ಹಿಡಿದಳು. ಮೈಕು ಇರಲಿಲ್ಲ. ಆ ದನಿ ನನ್ನ ಕಿವಿಗೆ ಬಂದದ್ದಲ್ಲ, ಕುಳಿತ ನೆಲದಿಂದ ಬೆನ್ನಿಗೆ ಬಂತು. ಮೇಲಿನ ಸ್ವರಕ್ಕೆ ಹೋದಾಗ ಮಾಡಿನ ತಗಡಿನಲ್ಲಿ ಎಲ್ಲೋ ಸಡಿಲವಾದ ಒಂದು ಮೊಳೆ ಝೇಂಕರಿಸಿತು. ಪೇರಲಹಣ್ಣಿನ ಹುಡುಗಿ ಎಲ್ಲಿ ಹೋದಳೋ ಗೊತ್ತಿಲ್ಲ. ಆ ಜಮಖಾನದ ಮೇಲೆ ಒಂದು ಕೋಟೆಯನ್ನೇ ತನ್ನ ಮುಷ್ಟಿಯಲ್ಲಿ ಹಿಡಿದವಳು ನಿಂತಿದ್ದಳು. ನಿಂತವಳು ಬಾಗಿದಳು, ಬಾಗಿದವಳು ಕುಳಿತಳು, ದನಿ ಮಾತ್ರ ಕೂರಲಿಲ್ಲ. ಕೊನೆಗೆ ರಾಜನ ತೊಡೆಯ ಮೇಲೆ ತಲೆಯಿಟ್ಟು, ಒಂದು ಎಳೆಯಷ್ಟಾಗಿ ಉಳಿದ ಸ್ವರವನ್ನು ನಮ್ಮೆಲ್ಲರ ಮುಂದೆ ಬಿಟ್ಟು ಸತ್ತಳು.

ಆಗ ಯಾರೋ “ವನ್ಸ್ ಮೋರ್” ಎಂದು ಕೂಗಿದರು.

ನಮ್ಮ ಕಡೆಯ ನಾಟಕಗಳಲ್ಲಿ ಇದು ಹಳೆಯ ಪದ್ಧತಿ. ಸಭೆ ವನ್ಸ್ ಮೋರ್ ಎಂದರೆ ಸತ್ತವರೂ ಎದ್ದು ಇನ್ನೊಮ್ಮೆ ಹಾಡಬೇಕು. ಓದಿ ಬಂದ ಹೊಸದರಲ್ಲಿ ಇದನ್ನು ನಾನು ಎಷ್ಟು ಗೇಲಿ ಮಾಡಿದ್ದೆನೆಂದರೆ, ಪರಿಚಯದವರು ನನ್ನ ಪಕ್ಕದಲ್ಲಿ ಕುಳಿತು ನಾಟಕ ನೋಡುವುದನ್ನೇ ಬಿಟ್ಟಿದ್ದರು. ಅಂದು ಕೂಗಿದ್ದು ನಾನೇ ಎಂದು ಶಿವಲೀಲಾ ಹೇಳುತ್ತಾಳೆ. “ಎದ್ದು ನಿಂತು ಕೂಗಿದಿ ಮಾಮ, ನನ್ನ ಕಾಲು ತುಳದಿ,” ಎನ್ನುತ್ತಾಳೆ. ನನಗೆ ನೆನಪಿಲ್ಲ. ನಿಂತಿದ್ದದ್ದು ನಿಜ, ಯಾವಾಗ ಎದ್ದೆನೋ ಹೇಳಲಾರೆ.

ಸತ್ತ ರಾಣಿ ಒಂದು ಕಣ್ಣು ತೆರೆದು ಮಾಸ್ತರರನ್ನು ನೋಡಿದಳು. ಅವರು ತಲೆಯಾಡಿಸಿದರು. ಅವಳು ಎದ್ದು, ದುಪ್ಪಟ್ಟಾ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಲೋಟ ಕೈಗೆ ತೆಗೆದುಕೊಂಡಳು. ಮೊದಲ ಸಲ ಮರುಳಾದದ್ದಕ್ಕೆ ನಾನು ಏನಾದರೂ ಸಬೂಬು ಹೇಳಬಹುದಿತ್ತು: ಪ್ರಯಾಣದ ದಣಿವು, ಅನಿರೀಕ್ಷಿತ, ಗೋದಾಮಿನ ಪ್ರತಿಧ್ವನಿ. ಎರಡನೆಯ ಸಲ ನನಗೆ ಎಲ್ಲವೂ ಗೊತ್ತಿತ್ತು. ಲೋಟದಲ್ಲಿ ನಲ್ಲಿ ನೀರಿದೆ, ಪದ್ಯ ಎಲ್ಲಿ ಮುಗಿಯುತ್ತದೆ, ತಲೆ ಯಾರ ತೊಡೆಯ ಮೇಲೆ ಬೀಳುತ್ತದೆ, ಎಲ್ಲವೂ. ಆದರೂ ಅವಳು ಲೋಟವನ್ನು ತುಟಿಗೆ ಒಯ್ಯುವಾಗ ಬೇಡ ಎನ್ನುವಂತೆ ನನ್ನ ಕೈ ಮುಂದಕ್ಕೆ ಹೋಗಿತ್ತು. ತರ್ಕಶಾಸ್ತ್ರದಲ್ಲಿ ಇದಕ್ಕೆ ಏನು ಹೆಸರಿದೆಯೋ, ಆ ಪಾಠದ ದಿನ ನಾನು ಗೈರುಹಾಜರಾಗಿದ್ದೆ ಎಂದು ಕಾಣುತ್ತದೆ.

ಆಮೇಲೆ ಮಾಸ್ತರರು ಶಿವಲೀಲಾಳ ಕಡೆ ತಿರುಗಿದರು. “ನೀ ಏನಾರ ಹಾಡು ತಾಯಿ.”

ಅವಳು ರಾಣಿಯ ಪದ್ಯವನ್ನೇ ಹಿಡಿದಳು. ಎರಡು ಸಲ ಕೇಳಿದ್ದಳಲ್ಲ. ಆದರೆ ಹಿಡಿದದ್ದು ಸಣ್ಣಗೆ, ಎದೆ ಮುದುಡಿಕೊಂಡು, ನೆಲ ನೋಡುತ್ತಾ. ಮಾಸ್ತರರು ಹಾರ್ಮೋನಿಯಂ ನಿಲ್ಲಿಸಿದರು.

“ಯಾರನ್ನ ಮಲಗಿಸಾಕ ಹಾಡಾಕತ್ತೀ?”

“ಜೋರ ಹಾಡಿದ್ರ ಬಯ್ತಾರ್ರಿ ಮನ್ಯಾಗ.”

“ಇದು ಮನಿ ಅಲ್ಲ, ಗೋದಾಮು. ಅಗೋ ನಮ್ಮ ರಾಜ ಬಾಗಲ ಹತ್ರ ನಿಂತಾನ. ಅವನಿಗೆ ಜರಾ ಕಿವಿ ಕಡಿಮಿ ಅಂತ ತಿಳಕೋ. ಅವನಿಗೆ ಮುಟ್ಟಬೇಕು.”

ರಾಜ ಬಾಗಿಲಿನಾಚೆ ಬಿಸಿಲಿನಲ್ಲಿ ನಿಂತು ಕೈ ಎತ್ತಿದ. ಶಿವಲೀಲಾ ನನ್ನನ್ನು ನೋಡಿದಳು. ನಾನು ಏನಾದರೂ ಹೇಳಿದೆನೋ ಇಲ್ಲವೋ ತಿಳಿಯದು. ಹೇಳಲಿಲ್ಲ ಎಂದೇ ಇಟ್ಟುಕೊಳ್ಳೋಣ. ಅವಳು ತಲೆಯೆತ್ತಿ ಬಾಯಿ ತೆರೆದಳು. ತೊಟ್ಟಿಲಿನಿಂದ ನೋಡಿದ ಮಗು. ಅದರ ಗಂಟಲಿನಲ್ಲಿ ಇಷ್ಟು ದೊಡ್ಡ ಜಾಗ ಇತ್ತೆಂದು ನಾವ್ಯಾರೂ ಒಳಗೆ ಹೋಗಿ ನೋಡಿರಲಿಲ್ಲ. ಬಾಗಿಲಲ್ಲೇ ನಿಂತು ‘ಸಣ್ಣಗ, ಸಣ್ಣಗ’ ಎಂದಿದ್ದೆವು. ಸ್ವರ ಅಲ್ಲಲ್ಲಿ ಜಾರಿತು, ಒಂದು ಸಾಲು ಮರೆತು ಹೋಯಿತು. ಆದರೆ ಮೇಲಿನ ಸ್ವರಕ್ಕೆ ಮಾಡಿನ ಆ ಮೊಳೆ ಮತ್ತೆ ಝೇಂಕರಿಸಿತು. ಸುಜಾತಾ ಪೇರಲಹಣ್ಣು ಕೆಳಗಿಟ್ಟಳು. ಮಾಸ್ತರರು ಹೊಗಳಲಿಲ್ಲ. “ಜುಲೈದಾಗ ಬಾ. ಜಾರೋದಕ್ಕ ನಾ ಔಷಧ ಕೊಡ್ತೀನಿ,” ಎಂದಷ್ಟೇ ಹೇಳಿ ನನ್ನ ಕಡೆ ತಿರುಗಿದರು. “ನೀವು ಏನೋ ಕೇಳಬೇಕಂತಿದ್ರಿ.”

“ಏನಿಲ್ರಿ,” ಎಂದೆ.

ಮಕ್ತಲ್‌ಗೆ ಬಂದಾಗ ಭಾವ ಸೀರೆ ಮಡಚುತ್ತಿದ್ದರು. ಗಿರಾಕಿಯನ್ನು ಬೇಗ ಸಾಗಹಾಕಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಶಿವಲೀಲಾ ಒಳಗೆ ಹೋಗಿ ಬಾಗಿಲ ಪರದೆಯ ಹಿಂದೆ ನಿಂತಳು. ಪರದೆಯ ಕೆಳಗೆ ಅವಳ ಪಾದ ಕಾಣುತ್ತಿತ್ತು.

“ನೌಕರಿ ಏನಂತ?”

“ಕೇಳಲಿಲ್ಲ ಭಾವ.”

“ಹಾಸ್ಟೆಲ್?”

“ನೋಡಲಿಲ್ಲ.”

“ಸರ್ಟಿಫಿಕೇಟು?”

“ರಾಣಿ ಸತ್ತಳ್ರಿ,” ಎಂದೆ. ಇದಕ್ಕಿಂತ ಉತ್ತಮ ವರದಿ ನನ್ನಲ್ಲಿರಲಿಲ್ಲ. ಹುಡುಗಿಯ ಮುಂದಿನ ಬದುಕು ನನ್ನ ನಾಲಿಗೆಯ ಮೇಲಿದೆ ಎಂದು ಗೊತ್ತಿದ್ದೂ ನನಗೆ ಬೇರೇನೂ ಹೊಳೆಯಲಿಲ್ಲ. ಪರದೆಯ ಕೆಳಗಿನ ಪಾದ ಒಂದರ ಮೇಲೊಂದು ಏರಿತು.

ಭಾವ ಸೀರೆಯ ಮಡಿಕೆಯನ್ನು ಅಂಗೈಯಲ್ಲಿ ಒತ್ತಿದರು. “ಎಷ್ಟು ಸಲ?”

“ಎರಡು ಸಲ.”

ಅವರ ಪ್ರಶ್ನೆ ಕುಹಕ ಎಂದೇ ತಿಳಿದೆ. ಅವರು ನಗಲಿಲ್ಲ. ಇನ್ನೊಂದು ಸೀರೆ ತೆಗೆದು ಮಡಚಿ, ಅದನ್ನೂ ಕಪಾಟಿಗಿಟ್ಟು, ಗೋಡೆಯ ಕಡೆ ತಿರುಗಿಕೊಂಡೇ ಹೇಳಿದರು: “ಮಾರ್ಕೆಟ್ಟಿನ್ಯಾಗ ಒಂದು ಬದನಿಕಾಯಿ ಕೊಳ್ಳಾಕ ಹತ್ತು ಪ್ರಶ್ನಿ ಕೇಳಾಂವ ನೀ. ನಿನ್ನ ಬಾಯಿನೇ ಬಂದ್ ಆತಂದ್ರ ಇನ್ನೇನ್ ಕೇಳೋದೈತಿ. ಸೇರಸೂಣು.” ಪರದೆಯ ಹಿಂದಿನಿಂದ ಬಂದ ಕೂಗು ಎದುರು ಸಾಲಿನ ಅಂಗಡಿಗಳಿಗೂ ಕೇಳಿಸಿತು. ಅಂದು ಯಾರೂ ಸಣ್ಣಗೆ ಎನ್ನಲಿಲ್ಲ.

ಜುಲೈಯಲ್ಲಿ ಅವಳನ್ನು ಸೇರಿಸಲು ಹೋದಾಗ ನಾನು ಎಲ್ಲ ಪ್ರಶ್ನೆಗಳನ್ನೂ ಕೇಳಿ ಸಾಲ ತೀರಿಸಿದೆ. ಹಾಸ್ಟೆಲ್ಲಿನ ಗೋಡೆ ಸಾಕಷ್ಟು ಎತ್ತರವಿದೆ, ಸರ್ಟಿಫಿಕೇಟಿಗೆ ಕಿಮ್ಮತ್ತಿದೆ. ನೌಕರಿಯ ಮಾತಿಗೆ ಮಾಸ್ತರರು, “ನಂದೇ ಇನ್ನೂ ಕಾಯಂ ಆಗಿಲ್ರಿ,” ಎಂದು ನಕ್ಕರು. ಹೊರಡುವಾಗ ಕಾಗದದಲ್ಲಿ ಸುತ್ತಿದ ಒಂದು ಜೊತೆ ಚಪ್ಪಲಿಯನ್ನು ನನ್ನ ಕೈಗಿತ್ತರು. “ನಿಮ್ಮ ಭಾವನವರದು. ನೀವು ಬರೋಕ್ಕಿಂತ ಒಂದು ವಾರ ಮುಂಚೆ ಬಂದಿದ್ರಲ್ರಿ. ಮುಂದ ಬಂದು ಕೂಡ್ರಿ ಅಂದ್ರ ಬರಲಿಲ್ಲ, ಆ ಕಂಬದ ಹಿಂದ ಕುಂತು ರಾಣಿ ಸಾಯೋದು ನೋಡಿದ್ರು, ಕಣ್ಣೊರಸ್ಕೊಂಡು ಎದ್ದು ಹೋಗುವಾಗ ನನ್ನ ಚಪ್ಪಲಿ ಮೆಟ್ಟಿಕೊಂಡು ಹೋದ್ರು. ಮಗಳು ಇಂಥಾಕಿ ಅಂತ ಊರು ಹೆಸರು ಅಷ್ಟು ಹೇಳಿದ್ರು. ಆಕಿ ಮುಂದ ಬ್ಯಾಡಂತ ಆವತ್ತ ನಾ ಹೇಳಲಿಲ್ಲ. ನನ್ನವು ಕಳಸಾಕ ಹೇಳ್ರಿ, ಬರಿಗಾಲಾಗೈತಿ.”

ನಾನು ಇದನ್ನು ನಂಬಲಿಲ್ಲ. ಭಾವನನ್ನು ಕೇಳಿದೆ. “ಗದ್ವಾಲಕ ಜರಿ ಸೀರಿ ತರಾಕ ಹೋಗಿದ್ದೆ. ಕಾಲೇಜಿಗೆ ನಾ ಯಾಕ ಹೋಗ್ಲಿ?” ಎಂದರು. ಅಕ್ಕ ಒಳಗಿನಿಂದ, “ಗದ್ವಾಲಕ ಹೋಗಿ ಬಂದಾಗಿಂದ ಚಪ್ಪಲಿ ಕಡೀತಾವ ಅಂತಾರ ನೋಡು,” ಎಂದಳು. ಭಾವನ ಅಂಗಡಿಗೆ ನಾನು ವಾರಕ್ಕೊಮ್ಮೆ ಹೋಗುವವನು. ಪ್ರಪಂಚದ ಐಬು ಹುಡುಕುವ ನನಗೆ ಮನೆಯ ಯಜಮಾನರ ಕಾಲಲ್ಲಿ ಬೇರೆಯವರ ಚಪ್ಪಲಿ ಇದ್ದದ್ದು ಇಷ್ಟು ದಿನ ಕಂಡಿರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಎರಡೂ ಜೊತೆಯನ್ನು ಪಕ್ಕಪಕ್ಕದಲ್ಲಿಟ್ಟು ದೂರ ಸರಿದು ನಿಂತೆ. ಊಟಕ್ಕೆ ಹೊರಟ ಭಾವ ಹೊರಗೆ ಬಂದು ಕೆಳಗೆ ನೋಡಿದರು, ನನ್ನನ್ನು ನೋಡಿದರು, ಕಾಗದದಲ್ಲಿ ಬಂದ ಜೊತೆಗೆ ಕಾಲು ತೂರಿಸಿದರು. ಬರೋಬ್ಬರಿ ಕೂತವು.